ನೆಲ ಹೇಗಿತ್ತು

ಅಕ್ರೋಟು ಉದುರುವ ಕಾಲಕ್ಕೆ ನಮ್ಮಲ್ಲಿ
ಮನುಷ್ಯರೂ ಉದುರುತ್ತಾರೆ.
ಸೆಪ್ಟೆಂಬರ್ ಕೊನೆಯಿಂದ ಮೊದಲ ಹಿಮದ ತನಕ
ಬಜಾರ್-ಕೊರ್ಗೊನಿನ ಈ ಆಸ್ಪತ್ರೆಯ ಹಿಂಬಾಗಿಲಿಗೆ
ಅರ್ಸ್ಲಾನ್‌ಬೋಬಿನ ಕಾಡಿಂದ ಇಳಿದು ಬರುವ ಗಾಡಿಗಳಲ್ಲಿ
ಮೂಟೆ ಯಾವುದು, ಮೈ ಯಾವುದು
ಕತ್ತಲಲ್ಲಿ ಮುಟ್ಟಿಯೇ ತಿಳಿಯಬೇಕು.

ಹೊಸದಾಗಿ ಬಂದ ಮೇರಿಮ್ ಮೊದಲು ಹೆಸರು ಕೇಳುತ್ತಾಳೆ.
ಹೆಸರು ಆಮೇಲೆ, ಹುಡುಗಿ.
ಎಷ್ಟೆತ್ತರದಿಂದ? ಮೊದಲು ತಾಗಿದ್ದೇನು? ನೆಲ ಹೇಗಿತ್ತು?
ಬಿದ್ದವನು ನಿಂತರೂ
ಬೀಳುವುದು ಮೈಯೊಳಗೆ ನಿಂತಿರುವುದಿಲ್ಲ.
ಹಿಮ್ಮಡಿ ಊರಿದವನ ಪೆಟ್ಟು
ಮೊಣಕಾಲು ಹತ್ತಿ, ತೊಡೆಸಂದು ಹತ್ತಿ
ಸೊಂಟದ ಮಣಿಗಳಲ್ಲಿ ಹೋಗಿ ಕೂರುತ್ತದೆ.
ಹಿಮ್ಮಡಿ ನೋವೆಂದರೆ ನೀನು ಬೆನ್ನು ಮುಟ್ಟು.

ಆ ರಾತ್ರಿ ತಂದದ್ದು ಇಕ್ರೊಮ್‌ನನ್ನು.
ಹದಿಮೂರು ವರ್ಷ. ಸೂರು ಕಿತ್ತುಹೋಗುವಂತೆ ಕಿರುಚುತ್ತಿದ್ದ.
ಕಿರುಚಲಿ. ಕಿರುಚಲು ಗಾಳಿ ಬೇಕು, ಗಾಳಿಗೆ ದಾರಿ ಬೇಕು,
ಎರಡೂ ಇವೆಯೆಂದು ತಾನೇ ಡಂಗುರ ಹೊಡೆಯುತ್ತಿದ್ದಾನೆ.
ಕತ್ತಿಗೆ ಪಟ್ಟಿ ಬಿಗಿದೆವು.
ಎದೆ ಎರಡೂ ಕಡೆ ಸಮನಾಗಿ ಏಳುತ್ತಿದೆ.
ನಾಡಿ ನೂರಾಹತ್ತು, ತುಂಬು ನಾಡಿ, ಹೆದರಿಕೆಯದು.
ಪಾಪೆಗಳೆರಡೂ ಟಾರ್ಚಿಗೆ ಕುಗ್ಗಿದವು.
ಅಂಗಿ ಕತ್ತರಿಸುವಾಗ "ಹೊಸದು!" ಎಂದು ಇನ್ನೂ ಜೋರಾಗಿ ಅತ್ತ;
ಜೇಬಿನ ಕಾಯಿಗಳು ಉರುಳಿ ಮಂಚದಡಿ ಸೇರಿದವು.
ಕಂಬಳಿ ಹೊದಿಸಿದೆವು.
ಮುರಿದದ್ದು ಒಂದು ಮಣಿಕಟ್ಟು.

"ಎಷ್ಟೆತ್ತರ?"
"ಮೂರಾಳು. ಕೊಂಬೆ ಅಲುಗಿಸುತ್ತಿದ್ದೆ."
ಮೂರಾಳಿಗೆ ಒಂದು ಮಣಿಕಟ್ಟು.
ಲೆಕ್ಕ ಕೂಡಲಿಲ್ಲ.
ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ,
ಮರ ಇಷ್ಟು ಅಗ್ಗಕ್ಕೆ ಬಿಟ್ಟುಕೊಡುವುದಿಲ್ಲ.
"ನೆಲ ಹೇಗಿತ್ತು ಮಗಾ? ಕಲ್ಲೋ, ಎಲೆಯೋ?"
ಹುಡುಗ ಮೊದಲ ಸಲ ಸುಮ್ಮನಾದ.
"ಮೆತ್ತಗಿತ್ತು."

ಬಾಗಿಲ ಬಳಿ ಬೆಂಚಿನ ಮೇಲೆ ಅವನ ಸೋದರತ್ತೆ ಖೊಸಿಯತ್,
ಗಾಡಿಯಿಂದ ತಾನೇ ಇಳಿದು ನಡೆದು ಬಂದವಳು.
ಮಡಿಲಲ್ಲಿ ಅವನ ಒಂದು ಬೂಟು.
ಅವಳಿಗೆ ಯಾರೂ ಚೀಟಿ ಬರೆದಿರಲಿಲ್ಲ.
ಅವಳು ಕೆಳಗೆ ಬಗ್ಗಿ ಕಾಯಿ ಆಯುತ್ತಿದ್ದಳಂತೆ.

"ಎಲ್ಲಿ ನೋವು?"
"ನನಗೇನು? ಎಡ ಹೆಗಲು ಸ್ವಲ್ಪ. ಮೂಟೆ ಹೊತ್ತದ್ದಿರಬೇಕು."
ಹೆಗಲಲ್ಲಿ ತರಚೂ ಇಲ್ಲ. ತೋಳು ಎತ್ತೆಂದರೆ ಎತ್ತಿದಳು.
ಹೊಟ್ಟೆಯಲ್ಲಿ ಸೋರಿದ ರಕ್ತ ವಪೆಯ ಅಡಿಗೆ ತಾಗಿದರೆ
ಹೆಗಲಿನ ಬಾಯಲ್ಲಿ ಮಾತಾಡುತ್ತದೆ,
ಈ ಮನೆಯ ಜಗಳ
ಪಕ್ಕದ ಮನೆಯವಳಿಂದ ಗೊತ್ತಾದ ಹಾಗೆ.

ಉಗುರು ಒತ್ತಿ ನೋಡೋಣವೆಂದರೆ
ಹತ್ತೂ ಬೆರಳು ಹಸಿಸಿಪ್ಪೆಯ ಕರೆ ಹಿಡಿದು ಕಪ್ಪು;
ಬೆರಳಿಗೆ ಕಚ್ಚಿಸಿದ ಯಂತ್ರ ಅಂಕಿ ಸಿಗದೆ ತಡಕಾಡಿತು.
ಈ ತಿಂಗಳು ಇಡೀ ಕಣಿವೆಯ ಹೆಂಗಸರ ಕೈ ಹೀಗೇ,
ನನ್ನವೂ, ಭಾನುವಾರಗಳಲ್ಲಿ.
ಹಣೆಯ ನಡುವೆ ಹೆಬ್ಬೆರಳು ಊರಿ ಬಿಟ್ಟೆ.
ಒಂದು. ಎರಡು. ಮೂರು. ನಾಲ್ಕು.
ಬಿಳಿ ಅಲ್ಲೇ ನಿಂತಿತ್ತು.

ಮಂಚ. ಆಕ್ಸಿಜನ್. ಎರಡು ದಪ್ಪ ಸೂಜಿ.
ರಕ್ತದ ಗುಂಪು ನೋಡಿ, ಡಾಕ್ಟರ್ ಎರ್ಗೆಶೊವ್‌ರನ್ನು ಎಬ್ಬಿಸಿ.
ಮೇರಿಮ್ ಓಡಿದಳು. ಹೆಸರು ಕೇಳಲಿಲ್ಲ.
ಖೊಸಿಯತ್ ಮಾತ್ರ ಬೂಟು ಬಿಡಲೊಲ್ಲಳು:
"ಇನ್ನೊಂದು ಮರದ ಕೆಳಗೇ ಇದೆ, ಯಾರಾದರೂ ಹೋಗಿ ತರಬೇಕು,
ಹೋದ ತಿಂಗಳಷ್ಟೇ ಕೊಂಡದ್ದು..."
ಆಡಲಿ, ಆಡುತ್ತಲೇ ಇರಲಿ.
ಎಳೆಯಾಗಿ ಓಡುವ ನಾಡಿಯ ಮೇಲೆ ಮೂರು ಬೆರಳಿಟ್ಟು
ಅಳತೆ ಎಷ್ಟು, ಬಣ್ಣ ಯಾವುದು,
ಎಷ್ಟಕ್ಕೆ ಕೊಟ್ಟ ಎಂದು ಕೇಳುತ್ತಾ
ಥಿಯೇಟರಿನ ಬಾಗಿಲ ತನಕ ಹೋದೆ.

ಬೆಳಗಿನ ಹೊತ್ತಿಗೆ ಪ್ಲೀಹ ಬೋಗುಣಿಯಲ್ಲಿ, ಅವಳು ಮಂಚದಲ್ಲಿ.
ನಾನು ದಾಖಲೆ ಪುಸ್ತಕ ತೆರೆದೆ.
ಹುಡುಗನದು ಸುಲಭ: ಮರದಿಂದ ಬಿದ್ದದ್ದು.
ಅವಳ ಸಾಲಿನಲ್ಲಿ, ಗಾಯದ ಕಾರಣ ಎಂಬಲ್ಲಿ,
ಚಹಾ ಆರುವ ತನಕ ಪೆನ್ನು ಹಿಡಿದು ಕೂತಿದ್ದು
ಕೊನೆಗೆ ಬರೆದೆ:
ಅಣ್ಣನ ಮಗ. ನಲವತ್ತೊಂದು ಕಿಲೋ.
ಮೂರಾಳೆತ್ತರದಿಂದ.